ಇಳಿದವರ ಕಾಲಂ

ಬೆಟ್ಟದ ಬುಡದ ಗೇಟಿನಲ್ಲಿ ಕೂರುವ ಆತನಿಗೆ ಹತ್ತುವವರೆಲ್ಲ ಸೇರಿ ಇಟ್ಟ ಹೆಸರು ಅರ್ಧಗಂಟೆ. ತುದಿ ಎಷ್ಟು ದೂರ ಎಂದು ಯಾರೇ ಕೇಳಲಿ, "ಇನ್ನೇನು, ಅರ್ಧ ಗಂಟೆ" ಎನ್ನುತ್ತಿದ್ದ. ನಿಜಕ್ಕೂ ಅದು ಒಂದೂವರೆ ಗಂಟೆಯ ದಾರಿ, ಅದೂ ಗೋಡೆಗೆ ಏಣಿ ಒರಗಿಸಿದ ಹಾಗೆ ನೆಟ್ಟಗೆ. ಇಳಿದು ಬಂದವರು ಜಗಳಕ್ಕೆ ನಿಂತರೆ, "ನಿಜ ಹೇಳಿದ್ರೆ ನೀವು ಹತ್ತುತ್ತಿದ್ರಾ?" ಎಂದು ನಗುತ್ತಿದ್ದ. ಬಂಡೆ ಎಲ್ಲಿ ಜಾರುತ್ತದೆ, ಹಿಡಿದು ಹತ್ತುವ ಸರಪಳಿ ಎಲ್ಲಿ ಶುರುವಾಗುತ್ತದೆ, ಮೇಲಿನಿಂದ ಎಷ್ಟು ಕೆರೆ ಕಾಣುತ್ತವೆ, ಎಲ್ಲವೂ ಬಾಯಿಪಾಠ. ಇಪ್ಪತ್ತಾರು ವರ್ಷದಲ್ಲಿ ತಾನು ಒಮ್ಮೆಯೂ ಹತ್ತಿಲ್ಲ ಎಂಬುದು ಮಾತ್ರ ಹೆಂಡತಿಗಷ್ಟೇ ಗೊತ್ತಿದ್ದ ಗುಟ್ಟು. ಸಂಬಳ ಕೊಡುವುದು ಕೂರುವುದಕ್ಕೆ, ಹತ್ತುವುದಕ್ಕಲ್ಲ ಎಂಬುದು ಆತನ ವಾದ. ಕುರ್ಚಿ ಸಿಕ್ಕ ಮೇಲೆ ಏಳಲು ಮನಸ್ಸಾಗದ ನಮ್ಮಂಥವರು ಅದನ್ನು ತಪ್ಪೆನ್ನಲಾರೆವು.

ಕೆಲಸವೆಂದರೆ ರಿಜಿಸ್ಟರು. ಹತ್ತುವವರು ಎಡಗಡೆ ವೇಳೆ ಬರೆದು ಸಹಿ ಹಾಕಬೇಕು, ಇಳಿದವರು ಬಲಗಡೆ. ಹತ್ತುವಾಗ ಎಲ್ಲರ ಅಕ್ಷರವೂ ಮುತ್ತು. ಇಳಿಯುವಾಗ ಮೊಣಕಾಲು ಗಡಗಡ, ಹೊಟ್ಟೆ ಚುರುಚುರು. ಸಹಿ ಯಾರಿಗೆ ಬೇಕು? ಬಲಗಡೆ ಖಾಲಿ ಕಂಡರೆ ಸೋಮವಾರ ಬರುವ ಸಾಹೇಬರು ಬೆವರಿಳಿಸುತ್ತಾರೆ. ಹೀಗಾಗಿ ಸಂಜೆ ಐದಕ್ಕೆ ಗೇಟು ಹಾಕುವ ಮುಂಚೆ, ಬಿಟ್ಟುಹೋದ ಸಹಿಗಳನ್ನೆಲ್ಲ ಆತನೇ ಹಾಕಿಬಿಡುತ್ತಿದ್ದ. ವರ್ಷಗಟ್ಟಲೆ ಹಾಕಿ ಹಾಕಿ ಕೈ ಎಷ್ಟು ಪಳಗಿತ್ತೆಂದರೆ, ಸಹಿಯ ಒಡೆಯರೇ ಬಂದರೂ ಗುರುತು ಹಿಡಿಯುವುದು ಕಷ್ಟ.

ಆ ಭಾನುವಾರ ಹನ್ನೊಂದು ಖಾಲಿ ಇದ್ದವು. ಹನ್ನೊಂದನ್ನೂ ತುಂಬಿದ. ಅದರಲ್ಲೊಂದು ರಿಟೈರಾದ ಟೀಚರಮ್ಮನದು. ವಾರ ತಪ್ಪದೆ ಒಬ್ಬರೇ ಹತ್ತುವ ಅವರು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಸಹಿ ಮರೆತವರಲ್ಲ. ಅದು ತಲೆಗೆ ಹೊಳೆಯುವ ಮೊದಲೇ ಕೈ ಮುಂದಿನ ಸಾಲಿಗೆ ಓಡಿತ್ತು.

ಐದೂಕಾಲಿಗೆ ಅವರ ಮಗಳ ಫೋನು. "ಅಂಕಲ್, ಅಮ್ಮನ ಫೋನ್ ಸಿಗುತ್ತಿಲ್ಲ. ಇಳಿದ್ರಾ?"

ಆತ ರಿಜಿಸ್ಟರಿನ ಮೇಲೆ ಬೆರಳಾಡಿಸಿದ. "ಓಹೋ, ನಾಲ್ಕು ಹತ್ತಕ್ಕೇ ಇಳಿದಿದ್ದಾರಮ್ಮ. ಸಹಿ ಇದೆ."

"ಅವರದ್ದೇನಾ?"

"ಕೆಳಗೆ ಗೆರೆ, ಎರಡು ಚುಕ್ಕೆ. ಅವರದ್ದೇ."

"ಸದ್ಯ, ಜೀವ ಬಂತು."

ಫೋನಿಟ್ಟು ಬೀಗ ಹಾಕಲು ಹೊರಗೆ ಬಂದರೆ, ಮರದ ಕೆಳಗೆ ಒಂದೇ ಒಂದು ಸ್ಕೂಟರು. ಟೀಚರಮ್ಮನದು. ಬೀಗ ಕೈಯಲ್ಲೇ ಹಿಡಿದು ಮನೆಗೆ ಓಡಿದ.

ಗೇಟಿನ ಹಿಂದೆಯೇ ಕ್ವಾರ್ಟರ್ಸು. ಹೆಂಡತಿ ಕೇಳಿಸಿಕೊಂಡು ಕೂಡಲೇ ಹೇಳಿದಳು: "ಫೋನ್ ಮಾಡಿ ನಿಜ ಹೇಳ್ರೀ."

"ಏನಂತ? ಊರವರ ಸಹಿಯೆಲ್ಲ ನಾನೇ ಹಾಕ್ತೀನಿ ಅಂತಾನಾ? ಕೆಲಸನೂ ಹೋಗತ್ತೆ, ಈ ಮನೆನೂ ಹೋಗತ್ತೆ."

"ಮತ್ತೆ?"

"ನಾನೇ ಹೋಗಿ ಕರ್ಕೊಂಡು ಬರ್ತೀನಿ. ಇನ್ನೇನು..."

"ಅರ್ಧ ಗಂಟೆ ಅಂದ್ರೆ ನೋಡಿ ಮತ್ತೆ!"

ಟಾರ್ಚು, ನೀರಿನ ಬಾಟಲಿ ಹಿಡಿದು ಹೊರಟ. ಇಪ್ಪತ್ತು ನಿಮಿಷಕ್ಕೆ ನಾಲಿಗೆ ಹೊರಗೆ ಬಂತು. ಎಮ್ಮೆಯಂಥ ಬಂಡೆ ಸಿಕ್ಕರೆ ಎಡಕ್ಕೆ ತಿರುಗಿ ಎಂದು ಸಾವಿರ ಜನಕ್ಕೆ ಹೇಳಿದ್ದವನಿಗೆ, ಅಲ್ಲಿರುವ ಬಂಡೆಗಳೆಲ್ಲ ಎಮ್ಮೆಗಳೇ ಎಂಬುದು ಈಗ ತಿಳಿಯಿತು. ನಾಲ್ಕು ಹೆಜ್ಜೆಗೊಮ್ಮೆ "ಮೇಡಂ!" ಎಂದು ಕೂಗಿದ. ಕೂಗಲು ಉಸಿರಿಲ್ಲದಾಗ ಕೈಕಾಲು ಊರಿ ತೆವಳಿದ.

ಸರಪಳಿ ಶುರುವಾಗುವಲ್ಲಿ ಬಲಗಡೆ ಕೆಳಗಿನಿಂದ ಸಣ್ಣ ದನಿ ಬಂತು. ಬಂಡೆಯ ಸಂದಿನಲ್ಲಿ ಟೀಚರಮ್ಮ ಒರಗಿ ಕೂತಿದ್ದರು. ಒಂದು ಕಾಲು ಇರಬಾರದ ದಿಕ್ಕಿಗೆ ತಿರುಗಿತ್ತು. ತುಟಿ ಬಿಳಿಚಿತ್ತು.

"ಎಲ್ಲರೂ ಇಳಿದು ಹೋಗ್ಲಿ ಅಂತ ಕಾದಿದ್ದೆ. ಆಮೇಲೆ ಜಾರಿದೆ. ಫೋನು ಎಲ್ಲಿಗೋ ಉರುಳಿಹೋಯ್ತು," ಎಂದರು. "ಆದ್ರೂ ಧೈರ್ಯ ಇತ್ತು ಕಣ್ರೀ. ಐದಕ್ಕೆ ನನ್ನ ಸಹಿ ಇಲ್ಲ ಅಂತ ನೋಡ್ತೀರಿ, ಜನ ಕಳಿಸ್ತೀರಿ ಅಂತ. ಎಷ್ಟು ಜನ ಬರ್ತಿದ್ದಾರೆ?"

ಆತ ಬಾಟಲಿಯ ಮುಚ್ಚಳ ತಿರುಗಿಸಿದ. "ಬರ್ತಿದ್ದಾರೆ ಮೇಡಂ."

ಎತ್ತಲು ನೋಡಿದ, ಅವರು ಚೀರಿದ ಚೀರಿಗೆ ಕೈಬಿಟ್ಟ. ಕೋಟು ಬಿಚ್ಚಿ ಹೊದಿಸಿ, ನೀರಿನ ಬಾಟಲಿ ಅವರ ಕೈಗಿಟ್ಟ. ಮೊಬೈಲಿನಲ್ಲಿ ಸಿಗ್ನಲಿನ ಸುಳಿವಿಲ್ಲ. ಗೇಟು ಬಿಟ್ಟರೆ ಸಿಗುವುದು ತುದಿಯಲ್ಲಿ ಮಾತ್ರ ಎಂದು ಇಳಿದವರೆಲ್ಲ ಹೇಳುತ್ತಿದ್ದರು.

ಸರಪಳಿ ಹಿಡಿದು ಹತ್ತಿದ. ಅಂಗೈ ಸುಲಿಯಿತು, ಮೊಣಕಾಲು ತರಚಿತು. ಯಾರು ನೋಡಿದರೂ ಬಾಯಿ ಬಿಟ್ಟು ನಿಲ್ಲುವಂಥ ಆ ತುದಿಯಲ್ಲಿ, ಮುಳುಗುವ ಸೂರ್ಯನಿಗೆ ಬೆನ್ನು ಹಾಕಿ ನಿಂತು, ಆತ ಅಂಗೈಯಗಲದ ಮೊಬೈಲನ್ನೇ ನೋಡಿದ. ಸಿಗ್ನಲಿನ ಎರಡು ಕಡ್ಡಿ ಮೂಡಿದವು. ಟೀಚರಮ್ಮನ ಮಗಳಿಗೆ ಫೋನು ಮಾಡಿದ.

"ಅಂಕಲ್, ಅಮ್ಮ ಇನ್ನೂ ಮನೆಗೆ ಬಂದಿಲ್ಲ..."

"ಆ ಸಹಿ ನಾನು ಹಾಕಿದ್ದು ಕಣಮ್ಮ. ಅಮ್ಮ ಬೆಟ್ಟದ ಮೇಲಿದ್ದಾರೆ. ಕಾಲು ಮುರಿದಿದೆ."

ಅವಳೆಂದಳು: "ನಾನು ಆಗಲೇ ಬೆಟ್ಟಕ್ಕೆ ಹೊರಟಿದ್ದೆ. ಅರ್ಧ ದಾರಿ ಬಂದಿದ್ದೆ. ನಿಮ್ಮ ಮಾತು ನಂಬಿ ವಾಪಸ್ ಹೋದೆ."

ಬೈದಿದ್ದರೆ ಆತ ತಡೆದುಕೊಳ್ಳುತ್ತಿದ್ದ.

"ಸರಪಳಿ ಹತ್ತಿರ, ಬಲಗಡೆ. ಆಂಬುಲೆನ್ಸಿಗೂ ಸಾಹೇಬರಿಗೂ ಈಗಲೇ ಹೇಳ್ತೀನಿ. ಸಹಿ ವಿಷಯನೂ ಹೇಳ್ತೀನಿ. ಜನ ಬರ್ತಿದ್ದಾರೆ ಅಂತ ನಂಬ್ಕೊಂಡು ಕೂತಿದ್ದಾರಮ್ಮ, ಬೇಗ ಬಾ."

ಸಾಹೇಬರು ಎಲ್ಲ ಕೇಳಿ, "ನಾಳೆಯಿಂದ ಬರಬೇಡ" ಎಂದರು. ಹಗ್ಗ, ಸ್ಟ್ರೆಚರು, ಆರು ಜನ ಈಗಲೇ ಹೊರಡುತ್ತಾರೆ ಎಂದೂ ಹೇಳಿದರು. ಆತ ಎರಡಕ್ಕೂ "ಆಯ್ತು ಸಾರ್" ಎಂದ.

ಕತ್ತಲು ಕವಿಯುತ್ತಿತ್ತು. ಕೂತು, ಜಾರಿ, ಸರಪಳಿಗೆ ಜೋತುಬಿದ್ದು ಇಳಿದ. "ಮೇಡಂ!" ಉತ್ತರವಿಲ್ಲ. ಮತ್ತೆ ಕೂಗಿದ. ಇಲ್ಲ. ಮೂರನೆಯ ಸಲ ಕೂಗು ಅಳುವಾಗಿ ಹೊರಬಂತು.

"ಕೇಳಿಸ್ತು ಕಣ್ರೀ," ಎಂದಿತು ಕೆಳಗಿನ ದನಿ, ಮೊದಲಿಗಿಂತ ಸಣ್ಣಗೆ. "ಇಷ್ಟು ಹೊತ್ತಾದ್ರೂ ಯಾಕೆ ಯಾರೂ ಬಂದಿಲ್ಲ?"

ಆತ ಅವರ ಪಕ್ಕದಲ್ಲಿ ಕುಸಿದು ಕೂತು, ತಣ್ಣಗಾಗಿದ್ದ ಅವರ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಯಾಕೆಂದು ಹೇಳತೊಡಗಿದ.