ಖಾಲಿ ಕೋಣೆಯ ದರ

ನಾನು ಹುಟ್ಟಿದ್ದು ಹೊನ್ನಾವರದ ಕಡಲ ದಡದಲ್ಲಿ, ಮದುವೆಯಾಗಿ ಸೇರಿದ್ದು ರಾಮನಗರ. ಗೂಡು ಕೊಂಡು ನೂಲು ತೆಗೆಯುವ ರೇಷ್ಮೆ ರೀಲರ್ ಆದ ನನ್ನ ಗಂಡನಿಗೆ ಒಮ್ಮೆಯಾದರೂ ಹಡಗಿನಿಂದ ಸಮುದ್ರ ತೋರಿಸಬೇಕೆಂದು, ಪ್ರವಾಸದ ಹಡಗಿನಲ್ಲಿ ಕೋಣೆ ಕೇಳಲು ಟ್ರಾವೆಲ್ಸ್ ಆಫೀಸಿಗೆ ಹೋದೆ.

“ಇವತ್ತೇ ಬುಕ್ ಮಾಡ್ಬುಡಿ ಅಮ್ಮ, ನಾಳೆ ರೇಟ್ ಜಾಸ್ತಿ ಆಯ್ತದೆ,” ಎಂದ ಅಲ್ಲಿದ್ದವನು.

“ಆಗ್ಲಿ ಬಿಡಪ್ಪ. ರೇಷ್ಮೆಗೂಡು ನಾಲ್ಕು ದಿನ ಉಳಿದ್ರೆ ಚಿಟ್ಟೆ ತೂತು ಮಾಡ್ತದೆ, ಆಮೇಲೆ ಯಾರೂ ಕೊಳ್ಳಲ್ಲ. ಹಡಗು ಹೊರಟ ಮೇಲೆ ನಿನ್ನ ಖಾಲಿ ಕೋಣೆ ಯಾರು ಕೊಳ್ತಾರೆ?”

ಅವನು ನಕ್ಕ. “ನಮ್ಮಪ್ಪನೂ ಗೂಡು ಬೆಳೀತಾರೆ ಕಣಮ್ಮ. ತಡವಾಗಿ ಬಂದ ರೀಲರ್‌ಗೆ ಸಿಗೋದು ಕಳಪೆ ಗೂಡೇ.”

ಹಡಗು ಹೊರಡುವ ವಾರ ಅವನೇ ಫೋನ್ ಮಾಡಿದ. ದರ ಅರ್ಧಕ್ಕೆ ಇಳಿದಿತ್ತು, ಆದರೆ ಕೋಣೆಗೆ ಕಿಟಕಿ ಇರಲಿಲ್ಲ. ಒಪ್ಪಿಕೊಂಡೆ. ಹಗಲೆಲ್ಲ ಮೇಲಿನ ಡೆಕ್ಕಿನಲ್ಲೇ ಕುಳಿತೆವು.

ನನ್ನ ಗಂಡ ಕಡಲನ್ನು ಬಹಳ ಹೊತ್ತು ನೋಡಿ, “ಇನ್ನೊಂದಿನ ಕಾದಿದ್ರೆ ರೇಟ್ ಇನ್ನೂ ಒಸಿ ಇಳಿಸ್ತಿದ್ದ ಕಣೆ,” ಎಂದರು.