ಎಷ್ಟು ಎಲೆಯೋ ಅಷ್ಟು ಏಟು

ಬೆಳಿಗ್ಗೆ ಎದ್ದವನೇ ಅವನು ಮುಖಕ್ಕೆ ನೀರು ಹಾಕಿಕೊಳ್ಳುವ ಮೊದಲು ಮೇಜಿನ ಮೇಲಿನ ಪುಟ್ಟ ಮರದಿಂದ ಉದುರಿದ ಎಲೆಗಳನ್ನು ಎಣಿಸುತ್ತಿದ್ದ. ಸೂಜಿಯ ಮೊನೆಯಂಥ ಎಲೆಗಳು. ಆದರೆ ಗಡಿಯಾರ ರಿಪೇರಿ ಮಾಡುವವನ ಕಣ್ಣಿಗೆ ಒಂದೂ ತಪ್ಪುತ್ತಿರಲಿಲ್ಲ. ಏಳು ಬಿದ್ದಿದ್ದರೆ ಹೆಂಡತಿಗೆ ಏಳು ಏಟು, ಬಟ್ಟೆ ಬ್ರಷ್ಷಿನ ಮರದ ಬೆನ್ನಿನಿಂದ, ತೋಳಿನ ಮೇಲೆ. ರವಿಕೆಯ ತೋಳಿನ ಕೆಳಗೆ ಒಂದೂ ಇಳಿಯದಂತೆ ಹೊಡೆಯುತ್ತಿದ್ದ. ಅದರಲ್ಲೂ ಅವನ ಕೈ ಅಷ್ಟೇ ನಾಜೂಕು.

ಮರ ಎಂದರೆ ಕುಂಡದಲ್ಲಿ ಕುಬ್ಜವಾಗಿ ಬೆಳೆಸಿದ, ಒಂದೂವರೆ ಗೇಣಿನ ಬೋನ್ಸಾಯ್. ಜುನಿಪರ್ ಜಾತಿಯದು. ಅಂಗಡಿಯ ಹಳೆಯ ಗಿರಾಕಿಯೊಬ್ಬರು ಊರು ಬಿಡುವಾಗ ಕೊಟ್ಟು ಹೋಗಿದ್ದರು. ಮನೆಗೆ ಬಂದವರಿಗೆಲ್ಲ ಅವನು ಅದನ್ನು ತಾನೇ ಸಾಕುತ್ತಿರುವುದಾಗಿ ಹೇಳುತ್ತಿದ್ದ. ಸಾಕುವುದು ಎಂದರೆ ಭಾನುವಾರ ಕತ್ತರಿ ಹಿಡಿದು ಎರಡು ಚಿಗುರು ಚಿವುಟಿ, ಕೊಂಬೆಗೆ ತಾಮ್ರದ ತಂತಿ ಸುತ್ತಿ, ಒಂದು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡುವುದು. ದಿನಕ್ಕೆ ಮೂರು ಸಲ ನೀರು, ಎಲೆಗೆ ತುಂತುರು, ಪಾಚಿ ಒರೆಸುವುದು, ತಟ್ಟೆ ತೊಳೆಯುವುದು ಅವಳದು. ಅದಕ್ಕೆ ಸಾಕುವುದು ಎಂಬ ಹೆಸರಿರಲಿಲ್ಲ.

ಅವಳು ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಒಂಬತ್ತು ವರ್ಷದಿಂದ ಚಾದರಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಅಲ್ಲಿ ಎಲ್ಲರಿಗೂ ಇಸ್ತ್ರಿಯಕ್ಕ. ಉಗಿ ಕಾರುವ ಯಂತ್ರದ ಮುಂದೆ ನಿಂತು ದಿನಕ್ಕೆ ಇನ್ನೂರು ಚಾದರ. ಸುಕ್ಕೊಂದು ಉಳಿಯದ ಹಾಗೆ. ಆ ಬಲಗೈಗೆ ಲಾಂಡ್ರಿಯಲ್ಲಿ ಮರ್ಯಾದೆ ಇತ್ತು.

ಗಂಡ ಕಣ್ಣಿಟ್ಟದ್ದೂ ಅದರ ಮೇಲೆಯೇ. ಒಂದು ದಿನ ಹತ್ತೊಂಬತ್ತು ಎಲೆ ಬಿದ್ದಿದ್ದವು. ಅವಳ ಬಲಗೈಯ ಬೆರಳಿಗೆ ತಂತಿ ಸುತ್ತಿ, ಉಗುರು ನೀಲಿಯಾಗುವವರೆಗೂ ಬಿಗಿದು ಹೇಳಿದ: "ಈ ಮರ ಸತ್ತ ದಿನ ಈ ಕೈ ಮುರೀತೀನಿ. ತಮಾಷೆ ಅಂದ್ಕೋಬೇಡ."

ಅವನು ತಮಾಷೆ ಮಾಡುವವನಲ್ಲ ಎಂದು ಅವಳಿಗೆ ಗೊತ್ತಿತ್ತು.

ಅತ್ತೆ ಸೊಪ್ಪು ಸೋಸುತ್ತ ಅಂದರು: "ಅವನು ಕೈ ಬೀಸೋವಾಗ ನೀನೇ ಒಂಚೂರು ಪಕ್ಕಕ್ಕೆ ಸರಿಯಮ್ಮ. ಕಂಬದ ಹಾಗೆ ನಿಂತರೆ ಬೀಳದೆ ಏನಾಗತ್ತೆ?"

ಮಾರನೆಯ ದಿನ ಅವಳು ಬಾಡಿದ ಟೊಂಗೆಯೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಟೆಲಿನ ತೋಟದವಳ ಮುಂದಿಟ್ಟಳು. ಮಣ್ಣು ಮೆತ್ತಿದ ಕೈಯ, ಬಾಯಿಗೆ ಬೀಗವಿಲ್ಲದ ಹೆಂಗಸು.

"ಕೋಣೇಲಿ ಇಟ್ಟಿದೀರಾ ಇದನ್ನ? ಇದು ಬಯಲ ಮರ ಕಣೇ! ಬಿಸಿಲು, ಗಾಳಿ ಇಲ್ಲದೆ ಉಸಿರು ಕಟ್ಟಿ ಸಾಯ್ತಿದೆ. ಅದರ ಮೇಲೆ ದಿನಕ್ಕೆ ಮೂರು ಸಲ ನೀರಂತೆ. ಬೇರು ಕೊಳೆಸೋಕೆ ಬೇರೇನೂ ಬೇಡ."

"ಇನ್ನೂ ಹಸಿರಾಗೇ ಇದೆಯಲ್ಲ?"

"ಇದು ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿರತ್ತೆ, ನಮ್ಮ ಮ್ಯಾನೇಜರ್ ಹಾಗೆ. ತೊಗಟೆ ಉಗುರಲ್ಲಿ ಕೆರೆದು ನೋಡು. ಒಳಗೆ ಹಸಿರಿದ್ದರೆ ಜೀವ ಇದೆ. ಕಂದಾದರೆ ಮುಗೀತು."

ಮನೆಗೆ ಬಂದು ಒಂದೊಂದೇ ಕೊಂಬೆ ಕೆರೆದಳು. ಕಂದು. ಕಂದು. ಮತ್ತೆ ಕಂದು. ಬುಡದ ಹತ್ತಿರ ಮಾತ್ರ, ಉಗುರಿನಡಿ, ಒದ್ದೆ ಹಸಿರಿನ ಒಂದು ಗೀರು.

ಅವಳ ಕೆಲಸ ಮೂರಕ್ಕೆ ಮುಗಿಯುತ್ತಿತ್ತು, ಅವನು ಅಂಗಡಿಯಿಂದ ಬರುವುದು ಏಳಕ್ಕೆ. ಅಂದಿನಿಂದ ಬಂದ ತಕ್ಷಣ ಚೀಲವನ್ನೂ ಇಳಿಸದೆ ಕುಂಡವನ್ನು ಕಿಟಕಿಯಾಚೆಯ ಸಜ್ಜೆಯ ಮೇಲೆ ಇಡುತ್ತಿದ್ದಳು. ಅವನು ಮೆಟ್ಟಿಲು ಹತ್ತುವ ಮೊದಲು ಒಳಗೆ ತಂದು, ಮೇಜಿನ ಮೇಲೆ ಕುಂಡದ ಕಾಲಿನ ಗುರುತಿಗೆ ಸರಿಯಾಗಿ ಕೂರಿಸುತ್ತಿದ್ದಳು. ಬೆರಳಿಟ್ಟು ನೋಡಿ ಮಣ್ಣು ಒಣಗಿದ್ದರೆ ಮಾತ್ರ ನೀರು. ಏಟುಗಳು ಏಳರಿಂದ ನಾಲ್ಕಕ್ಕೆ, ನಾಲ್ಕರಿಂದ ಎರಡಕ್ಕೆ ಇಳಿದವು. ಎರಡು ತಿಂಗಳಿಗೆ ಬುಡದಲ್ಲಿ ಚಿಗುರು ಒಡೆಯಿತು.

"ನೋಡಿದೆಯಾ?" ಅಂದ ಅವನು, ಕನ್ನಡಕ ಏರಿಸಿ. "ನನ್ನ ಕತ್ತರಿ ಗುಣ."

ಅತ್ತೆಯ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. "ಕತ್ತರಿ ಗುಣಾನೋ, ಬಿಸಿಲ ಗುಣಾನೋ! ನಿನ್ನ ಮರ ದಿನಾ ಮಧ್ಯಾಹ್ನ ಹೊರಗೆ ಕೂತು ಬೀದಿ ನೋಡ್ತಿರತ್ತಲ್ಲಪ್ಪ."

ಮರುದಿನ ಅವನು ನಾಲ್ಕಕ್ಕೇ ಅಂಗಡಿಯ ಬಾಗಿಲೆಳೆದು ಬಂದ.

ಮರ ಸಜ್ಜೆಯ ಮೇಲಿತ್ತು. ಅವಳು ಕಿಟಕಿಯ ಬಳಿ ಬಟ್ಟೆ ಮಡಚುತ್ತಿದ್ದಳು. ಮೊದಲ ಏಟು ಕಿವಿಯ ಮೇಲೆ ಬಿತ್ತು. ಎರಡನೆಯದಕ್ಕೆ ಬಟ್ಟೆಯ ರಾಶಿಯ ಮೇಲೆ ಉರುಳಿದಳು. "ಕಳ್ಳಿ! ನನ್ನ ಮರಾನ ಬೀದಿಗೆ ಇಡ್ತೀಯಾ?" ಸಿಕ್ಕಿದ್ದು ಎಡಗೈ. ಕಿರುಬೆರಳನ್ನು ಹಿಡಿದು ಹಿಂದಕ್ಕೆ ಬಗ್ಗಿಸಿದ. ಲಟಕ್ ಎಂದಿತು. ಅವಳ ಕಣ್ಣ ಮುಂದೆ ಬೆಳ್ಳಗೆ ಮಿಂಚಿತು. ಅವನು ಅಲ್ಲಿಗೆ ನಿಲ್ಲಿಸಲಿಲ್ಲ. "ಇನ್ನೊಂದು ಕೈ ಕೊಡು" ಎಂದ, ಭಾನುವಾರ ಕೊಂಬೆಗೆ ಸುತ್ತಲು ತಂತಿ ಕೇಳುವಷ್ಟೇ ತಣ್ಣಗೆ.

ಅವಳು ಎದ್ದು ಆ ಕೈಯನ್ನು ಕಿಟಕಿಯಾಚೆಗೆ ಚಾಚಿದಳು. ಕುಂಡ ಸಿಕ್ಕಿತು. ಎತ್ತಿ ಮೂರು ಮಹಡಿಯ ಖಾಲಿ ಗಾಳಿಯ ಮೇಲೆ ಹಿಡಿದಳು.

"ಬೇಡ!" ಅವನ ಧ್ವನಿ ಒಡೆಯಿತು. "ಬೇಡ ಕಣೇ, ಪೆಟ್ಟಾಗತ್ತೆ ಅದಕ್ಕೆ."

"ಅಯ್ಯೋ, ಮೆಲ್ಲಗೆ ಹಿಡ್ಕೋ ತಾಯಿ!" ಎಂದು ಅತ್ತೆ ಎದೆ ಬಡಿದುಕೊಂಡರು.

ಮದುವೆಯಾಗಿ ಬಂದ ಇಷ್ಟು ವರ್ಷದಲ್ಲಿ ಈ ಮನೆಯಲ್ಲಿ ಇಂಥ ಧ್ವನಿ ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ.

"ಹಿಂದೆ ಸರಿ" ಅಂದಳು. ಅವನು ಸರಿದ. ಮರವನ್ನು ಎದೆಗೆ ಒತ್ತಿಕೊಂಡು ಬಾಗಿಲು ದಾಟಿದಳು. ಬರಿಗಾಲಲ್ಲಿ ಮೆಟ್ಟಿಲಿಳಿದಳು. ಎರಡು ಮೆಟ್ಟಿಲು ಹಿಂದೆ ಅವನು ಎರಡೂ ಕೈ ಮುಂದೆ ಚಾಚಿ, ಮಗು ಬೀಳುತ್ತದೇನೋ ಎಂಬಂತೆ ಬರುತ್ತಿದ್ದ. "ಕೊಡು, ಏನೂ ಮಾಡಲ್ಲ, ಕೊಡು." ಪಕ್ಕದ ಮನೆಗಳ ಬಾಗಿಲು ತೆರೆದವು, ಮುಚ್ಚಿದವು.

ಬೀದಿಯಲ್ಲಿ ಅವಳು ಒಂದು ಕ್ಷಣ ನಿಂತಳು. ಹೀಗೇ ಹೊತ್ತುಕೊಂಡು ಎಷ್ಟು ದೂರ ಹೋದರೂ ಅವನು ಹಿಂದೆಯೇ ಬರುತ್ತಾನೆ. ರಸ್ತೆಯ ನಟ್ಟನಡುವೆ ನಡೆದು ಹೋಗಿ ಕುಂಡವನ್ನು ಬಿಳಿ ಗೆರೆಯ ಮೇಲಿಟ್ಟು, ಆಚೆ ಬದಿಗೆ ಓಡಿದಳು.

ಲಾರಿಯೊಂದು ಹಾರ್ನ್ ಹೊಡೆಯುತ್ತ ಬರುತ್ತಿತ್ತು. ಅವನು ಒಮ್ಮೆಯೂ ಅವಳ ಕಡೆ ನೋಡಲಿಲ್ಲ. ನುಗ್ಗಿ ಕುಂಡದ ಮೇಲೆ ಕವುಚಿ ಬಿದ್ದ. ಬ್ರೇಕು ಕಿರುಚಿತು. ಡ್ರೈವರ್ ಕೆಳಗಿಳಿದು ಅವನ ಕಾಲರ್ ಹಿಡಿದೆತ್ತಿ ಕೆನ್ನೆಗೆ ಎರಡು ಬಾರಿಸಿದ. ಏಟು ತಿನ್ನುತ್ತಲೇ ಅವನು ಎಲೆಗಳ ಮೇಲಿನ ಧೂಳು ಊದುತ್ತಿದ್ದ.

ಅಷ್ಟರಲ್ಲಿ ಅವಳು ತಿರುವು ದಾಟಿದ್ದಳು.

ಹೋಟೆಲಿನ ಹಿಂಬಾಗಿಲಲ್ಲಿ ತೋಟದವಳು ಪೈಪು ಸುತ್ತುತ್ತಿದ್ದಳು. ಬರಿಗಾಲು, ಕೆದರಿದ ಕೂದಲು, ಬದನೆಕಾಯಿಯಂತೆ ಊದಿದ ಕೈ ಕಂಡು ಪೈಪು ಕೆಳಗೆ ಬಿಟ್ಟಳು. "ಏನಾಯ್ತೇ? ಮರ ಸತ್ತೋಯ್ತಾ?"

"ಬದುಕಿದೆ, ಹಾಳಾದ್ದು" ಎಂದು ಇಸ್ತ್ರಿಯಕ್ಕ ಕಟ್ಟೆಯ ಮೇಲೆ ಕುಸಿದಳು. "ಬೆರಳು ಮುರಿದಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗು. ಅಲ್ಲಿ ಕೇಳಿದರೆ, ಬಿದ್ದೆ ಅಂತ ಮಾತ್ರ ನಾನು ಬರೆಸಲ್ಲ."