ಅರ್ಜೀಲಿ ಬರ್ಸಿದ ಹಾರ್ಡ್‌ಶಿಪ್ಪು

ಧರ್ಮಪುರಿ ಬ್ಯಾರೆ ಜಿಲ್ಲೆಯಾಗಿ ಮೂರ್ನಾಲ್ಕು ವರ್ಸ ಆಗಿತ್ತು. ಪಾಲಕೋಡ್ ಕಡೆ ನನ್ನಷ್ಟು ಕುರಿ ಸಾಕಿದೋನು ಆಗ ಯಾರೂ ಇರ್ನಿಲ್ಲ. ಆ ವರ್ಸ ಕಾಡಿನ ಆಫೀಸ್ನೋರು ಕುರಿ ಮೇವಿಗೆ ಓಗೋ ದಾರಿ ಮುಚ್ಬುಟ್ರು. ಸುತ್ಕೊಂಡ್ ಓದ್ರೆ ಮೂರು ದಿನ. ಮಂದೇಲಿ ಗಬ್ಬದ ಕುರಿನೇ ಜಾಸ್ತಿ, ಅಷ್ಟು ದೂರ ನಡ್ಸಿದ್ರೆ ಮರಿ ಉಳಿಯಾಕಿಲ್ಲ.

ಆಫೀಸ್ ಮುಂದೆ ಮರದಡಿ ಕೂರೋ ಅರ್ಜಿ ಬರೆಯೋನು, ದಾರಿ ಬುಡಿ ಅಂತ ಟೈಪ್ ಒಡ್ದು ಕೊಟ್ಟ. "ಹಾರ್ಡ್‌ಶಿಪ್ ಅಂತ ಆಕಿವ್ನಿ ಕಣಣ್ಣ, ಇಂಗ್ಲೀಷ್ನಾಗೆ ಕಷ್ಟ ಅಂತ. ಅದಿದ್ರೇನೆ ಆಫೀಸರ್ ಮನ್ಸು ಕರ್ಗೋದು. ಒಳಗೋಗಿ ವಸಿ ಅಳ್ಮೋರೆ ಮಾಡ್ಕೊಂಡು ನಿಂತ್ಕೊ."

ನಾನು ಒಗ್ದ ಪಂಚೆ ಉಟ್ಟು, ಜರಿ ರುಮಾಲು ಸುತ್ತಿ, ಮೀಸೆ ತಿರುವ್ಕೊಂಡು ಓಗಿದ್ದೆ. ದೊಡ್ಡೋರ ಮುಂದೆ ನಮ್ಮೋರು ಅಂಗೇ ಓಗೋದು.

ಆಫೀಸರ್ ಕಾಗ್ದ ನೋಡ್ದ, ನನ್ನ ನೋಡ್ದ. "ಎನ್ನಯ್ಯಾ ಕಷ್ಟಂ ಉನಕ್ಕು?" ಅಂತ ತಮಿಳ್ನಾಗೆ ಕೇಳ್ದ.

ಪಕ್ಕದಾಗೆ ನಮ್ಮ ಕಡೆಯೋರೇ ನಾಲ್ಕು ಜನ ನಿಂತವ್ರೆ. ಅವ್ರ ಮುಂದೆ ಕಷ್ಟ ಅಂತ ಎಂಗ್ ಬಾಯ್ಬುಡೋದು?

"ನಂಗೇನ್ ಸಾಮಿ ಕಷ್ಟ? ಮೂರಲ್ಲ, ಆರು ದಿನ ಆದ್ರೂ ನಡೀತೀನಿ" ಅಂದೆ.

ಅಂಗಾದ್ರೆ ನಡಿ ಅಂತ ಅರ್ಜಿ ಮ್ಯಾಲೆ ಕೆಂಪು ಇಂಕ್ನಾಗೆ ಗೀಚ್ಬುಟ್ಟ.

ಆಚೆ ಬಂದ್ರೆ ಅರ್ಜಿ ಬರೆದೋನು ತಲೆ ಚಚ್ಕೊಂಡ. "ಆ ಕಷ್ಟ ಕುರೀಗ್ ಬರ್ದಿದ್ದು ಕಣಣ್ಣ, ನಿಂಗಲ್ಲ."

ಸುತ್ಕೊಂಡೇ ಓದೆ. ನಂಗೂ ಸಾಕಾಗೋಯ್ತು, ಕುರೀಗೂ ಸಾಕಾಗೋಯ್ತು. ಏಳು ಮರಿ ದಾರೀಲೇ ಸತ್ವು. ಊರಲ್ಲಿ ಕೇಳಿದೋರ್ಗೆಲ್ಲ ತೋಳ ಇಡೀತು ಅಂದೆ. ಸಣ್ಣ ತೋಳ ಅಲ್ಲ, ಭಾರಿ ತೋಳ.